ಕೋಟು ಕೇಳುವವರೇ ಕೋಟಿನ ದುಡ್ಡು ಕೊಡಲಿ

ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಹಂಗಾಮು ಶುರುವಾದರೆ ಸಾಕು, ಮಕ್ಕಳ ವಾಟ್ಸಾಪ್ ಗುಂಪುಗಳಿಗೆ ಒಂದು ಚಿತ್ರ ಬಂದು ಬೀಳುತ್ತದೆ. ಎಡಗಡೆ ಕಪ್ಪು ಕೋಟು, ಟೈ, ಮಿರಮಿರ ಮಿಂಚುವ ಬೂಟು. ಅದಕ್ಕೆ ಹಸಿರು ಟಿಕ್ಕು. ಬಲಗಡೆ ಚೌಕಳಿ ಅಂಗಿ, ಚಪ್ಪಲಿ. ಅದಕ್ಕೆ ಕೆಂಪು ಇಂಟು. ಕೆಳಗೊಂದು ಎಚ್ಚರಿಕೆ: ಮೊದಲ ಕೆಲವೇ ಸೆಕೆಂಡುಗಳಲ್ಲಿ ನಿಮ್ಮ ಹಣೆಬರಹ ತೀರ್ಮಾನವಾಗುತ್ತದೆ. ಹುಡುಗರು ಇದನ್ನು ತಮಗೆ ಹೇಳಿದ ಬುದ್ಧಿಮಾತು ಎಂದು ಓದುತ್ತಾರೆ. ನನಗೆ ಅದು ಇಂಟರ್‌ವ್ಯೂ ಮಾಡುವವರ ಮೇಲಿನ ಆರೋಪಪಟ್ಟಿಯಂತೆ ಕಾಣುತ್ತದೆ. ನಾಲ್ಕು ವರ್ಷ ಓದಿ ಬಂದವನನ್ನು ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ಅಳೆದು ಮುಗಿಸುವವರು ನಿಜಕ್ಕೂ ಇದ್ದರೆ, ತಿದ್ದಬೇಕಾದದ್ದು ಹುಡುಗನ ಅಂಗಿಯನ್ನೋ ಅವರ ಅಭ್ಯಾಸವನ್ನೋ?

ಪುಣೆಯ ಕಂಪನಿಯೊಂದರಲ್ಲಿ ಹನ್ನೆರಡು ವರ್ಷ ಹೊಸಬರನ್ನು ಆರಿಸುವ ಮೇಜಿನ ಹಿಂದೆ ಕೂತವನು ನಾನು. ಆ ಕೋಟುಗಳನ್ನು ಹತ್ತಿರದಿಂದ ನೋಡಿದ್ದೇನೆ. ಎರವಲು ತಂದದ್ದು ಯಾವುದು ಎಂದು ಕೇಳಬೇಕಾಗಿಲ್ಲ. ಅದರ ಹೆಗಲು ಜೋತುಬಿದ್ದಿರುತ್ತದೆ, ತೋಳು ಬೆರಳಿನ ಬುಡದವರೆಗೆ ಇಳಿದಿರುತ್ತದೆ. ಹಾಸ್ಟೆಲಿನಲ್ಲಿ ಒಂದೇ ಕೋಟು ಮೂರು ಕೋಣೆ ಸುತ್ತುತ್ತದೆ. ಬೆಳಿಗ್ಗೆ ಹತ್ತಕ್ಕೆ ಒಬ್ಬನ ಮೈಮೇಲಿದ್ದದ್ದು ಹನ್ನೊಂದೂವರೆಗೆ ಇನ್ನೊಬ್ಬನ ಮೈಮೇಲೆ, ಮೊದಲಿನವನ ಬೆವರಿನ ಸಮೇತ. ಆ ಹುಡುಗ ನಮ್ಮ ಪ್ರಶ್ನೆಯನ್ನು ಅರ್ಧ ಕೇಳುತ್ತಾನೆ, ಇನ್ನರ್ಧ ಗಮನ ತೋಳನ್ನು ಮೇಲೆ ಎಳೆದುಕೊಳ್ಳುವುದರಲ್ಲಿ. ಮೇಜಿನ ಹಿಂದೆ ಕೂತ ನಾವೋ, ಒಬ್ಬರು ಟೀ ಶರ್ಟಿನಲ್ಲಿ, ಇನ್ನೊಬ್ಬರು ಜೀನ್ಸಿನಲ್ಲಿ. ಇನ್ಫೋಸಿಸ್‌ನಂಥ ಶಿಸ್ತಿನ ಕಂಪನಿಯೇ 2015ರಲ್ಲಿ ವಾರವಿಡೀ ಮಾಮೂಲಿ ಉಡುಪಿನಲ್ಲಿ ಬರಬಹುದೆಂದು ತನ್ನ ನೌಕರರಿಗೆ ಹೇಳಿತು. ಕೆಲಸದಲ್ಲಿ ಇರುವವರಿಗೆ ಬೇಡವಾದ ಟೈ ಕೆಲಸ ಕೇಳಿ ಬಂದವನ ಕೊರಳಿಗೆ ಮಾತ್ರ ಯಾಕೆ?

ಕೋಟು, ಪ್ಯಾಂಟು, ಟೈ, ಬೆಲ್ಟು, ಬೂಟು ಎಲ್ಲ ಸೇರಿದರೆ ಒಂದು ತಿಂಗಳ ಮೆಸ್ ಬಿಲ್ಲು ಹೋಯಿತು. ಕೆಲಸ ಸಿಕ್ಕಿದರೂ ಅದನ್ನು ಮತ್ತೆ ಹಾಕುವುದು ಯಾರದೋ ರಿಸೆಪ್ಷನ್ನಿಗೆ.

ಶುಚಿ ಬೇಡ ಎಂದು ನಾನು ಹೇಳುತ್ತಿಲ್ಲ. ಒಗೆದು ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಇಷ್ಟನ್ನು ನಿರೀಕ್ಷಿಸುವ ಹಕ್ಕು ಎಲ್ಲರಿಗೂ ಇದೆ. ಅದು ಬಡವನ ಕೈಗೂ ಎಟುಕುತ್ತದೆ. ಕೋಟು ಶುಚಿಯ ಗುರುತಲ್ಲ. ಮೇ ತಿಂಗಳ ದೆಹಲಿಯಲ್ಲೋ ಚೆನ್ನೈಯಲ್ಲೋ ಅದು ಶುಚಿಯ ಶತ್ರು. ವಕೀಲರ ಕಪ್ಪು ಕೋಟಿಗಿಂತ ಕಟ್ಟುನಿಟ್ಟಿನ ಉಡುಪು ನಮ್ಮಲ್ಲಿ ಇನ್ನೊಂದಿಲ್ಲ. ಆದರೂ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳನ್ನು ಬಿಟ್ಟು ಉಳಿದ ಕಡೆ ಅದು ಕಡ್ಡಾಯವಲ್ಲ ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಸೂಟಿಲ್ಲದೆ ಆಫೀಸಿಲ್ಲ ಎನ್ನುವ ಜಪಾನಿನಲ್ಲಿ 2005ರಲ್ಲಿ ಅಲ್ಲಿನ ಪರಿಸರ ಸಚಿವಾಲಯವೇ ಮುಂದೆ ಬಂದು, ಬೇಸಿಗೆಯಲ್ಲಿ ಕೋಟು ಟೈ ಬಿಡಿ, ಎಸಿಯನ್ನು 28 ಡಿಗ್ರಿಗೆ ಇಡಿ ಎಂದಿತು. ನಮ್ಮ ಪ್ಲೇಸ್‌ಮೆಂಟ್ ಅಧಿಕಾರಿಗಳಿಗೆ ಮಾತ್ರ ಸೆಕೆ ತಾಗುವುದಿಲ್ಲ.

ಉಡುಪು ನೋಡಿ ಮನುಷ್ಯರನ್ನು ಬಾಗಿಲಲ್ಲೇ ತಡೆದಾಗ ನಮಗೆ ಸಿಟ್ಟು ಬಂದಿದೆ. 2014ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಡಿ. ಹರಿಪರಂಧಾಮನ್ ಅವರನ್ನು ವೇಷ್ಟಿ ಉಟ್ಟಿದ್ದಕ್ಕೆ ಚೆನ್ನೈಯ ಕ್ರಿಕೆಟ್ ಕ್ಲಬ್ಬಿನ ಒಳಗೆ ಬಿಡಲಿಲ್ಲ. ಮರು ತಿಂಗಳೇ ತಮಿಳುನಾಡು ಸರ್ಕಾರ ಅದರ ವಿರುದ್ಧ ಮಸೂದೆ ತಂದಿತು. 2024ರ ಜುಲೈಯಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ರೈತರೊಬ್ಬರನ್ನು ಬೆಂಗಳೂರಿನ ಮಾಗಡಿ ರಸ್ತೆಯ ಮಾಲಿನಲ್ಲಿ ತಡೆದಾಗ ಆ ಮಾಲನ್ನು ಏಳು ದಿನ ಮುಚ್ಚಿಸಲಾಯಿತು. ಒಳ್ಳೆಯದೇ ಆಯಿತು. ಆದರೆ ಬಾಗಿಲಲ್ಲಿ ತಡೆದರೆ ಹತ್ತು ಜನ ನೋಡುತ್ತಾರೆ, ಯಾರೋ ವಿಡಿಯೊ ಮಾಡುತ್ತಾರೆ. ಇಂಟರ್‌ವ್ಯೂ ಕೋಣೆಯಲ್ಲಿ ಹಾಗಲ್ಲ. ಅಲ್ಲಿ ಬಾಗಿಲು ತೆರೆದು, ಬನ್ನಿ ಕೂತ್ಕೊಳ್ಳಿ ಎಂದು, ನೀರು ಕೊಟ್ಟು, ಆಮೇಲೆ ಒಂದು ಹಾಳೆಯಲ್ಲಿ ‘ವ್ಯಕ್ತಿತ್ವ’ ಎಂಬ ಕಾಲಮ್ಮಿನಲ್ಲಿ ಐದಕ್ಕೆ ಎರಡು ಹಾಕುತ್ತಾರೆ. ಹುಡುಗನಿಗೆ ತಾನು ಎಲ್ಲಿ ಸೋತೆ ಎಂಬುದೇ ತಿಳಿಯುವುದಿಲ್ಲ. ರಾತ್ರಿ ಮನೆಗೆ ಫೋನು ಮಾಡಿ ‘ಅಪ್ಪಾ, ಟೆಕ್ನಿಕಲ್ ಕಷ್ಟ ಇತ್ತು’ ಎನ್ನುತ್ತಾನೆ.

ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಸೀರೆ ಉಟ್ಟರೆ ಹಳೇ ಕಾಲದವಳು, ಪ್ಯಾಂಟು ತೊಟ್ಟರೆ ಜೋರಿನವಳು, ಚೂಡಿದಾರಕ್ಕೆ ದುಪಟ್ಟಾ ಇಲ್ಲದಿದ್ದರೆ ಅದೊಂದು ಮಾತು. ಹೈದರಾಬಾದಿನಲ್ಲಿರುವ ನನ್ನ ಅಕ್ಕನ ಮಗಳು ಒಂದು ದಿನ ಫೋನು ಮಾಡಿ ಕೇಳಿದಳು: ‘ಮಾಮ, ಕಾಲುಂಗುರ ತೆಗೆದಿಟ್ಟು ಹೋಗಲಾ?’ ಯಾಕಮ್ಮ ಎಂದೆ. ‘ಹೋದ ಸಲ ತಾಳಿ ಕಂಡ ಮೇಲೆ ಜಾವಾ ಬಗ್ಗೆ ಒಂದು ಪ್ರಶ್ನೆನೂ ಕೇಳ್ಲಿಲ್ಲ ಮಾಮ. ಯಜಮಾನ್ರು ಎಲ್ಲಿ ಕೆಲಸ ಮಾಡ್ತಾರೆ, ಅವರಿಗೆ ಟ್ರಾನ್ಸ್‌ಫರ್ ಆದ್ರೆ ಏನ್ಮಾಡ್ತೀರಿ, ಮಕ್ಕಳು ಯಾವಾಗ, ಅದೇ ಆಯ್ತು.’ ಈ ಸಲ ತಾಳಿಯನ್ನು ಕುರ್ತಾದ ಕತ್ತಿನೊಳಗೆ ಸೇರಿಸಿ ಪಿನ್ನು ಹಾಕಿದ್ದಳು, ಉಳಿದದ್ದು ಕಾಲುಂಗುರ. ಎಂಟು ವರ್ಷ ಅನುಭವವಿರುವ ಹೆಣ್ಣುಮಗಳು ಕೆಲಸ ಕೇಳಲು ಹೋಗುವ ಮೊದಲು ತನ್ನ ಸಂಸಾರವನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಹೋಗಬೇಕು. ಇದಕ್ಕೆ ಪ್ರೊಫೆಷನಲ್ ಲುಕ್ ಎಂಬ ಹೆಸರು ಬೇರೆ. ಉಡುಪಿನ ಸಲಹೆ ಕೊಡುವವರು ಯಾರಾದರೂ, ‘ಆ ಪ್ರಶ್ನೆ ಕೇಳುವವರನ್ನು ಪ್ಯಾನೆಲ್ಲಿನಿಂದ ಎಬ್ಬಿಸಿ’ ಎಂದು ಸಲಹೆ ಕೊಟ್ಟದ್ದನ್ನು ನೀವು ಕೇಳಿದ್ದೀರಾ?

ಇದಕ್ಕೆ ನಮ್ಮವರದೇ ಒಂದು ಉತ್ತರ ಸಿದ್ಧವಿದೆ. ವಿಶೇಷವಾಗಿ ಮುಂಬಯಿಯ ಹಿರಿಯರದು. ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಪಕ್ಕದವನ ಅಂಗಿ ಕೇಳಿ ಪಡೆದು ಬ್ಯಾಂಕಿನ ಇಂಟರ್‌ವ್ಯೂಗೆ ಹೋದವರು ಅವರು. ‘ನಾವು ಮಾಡಲಿಲ್ಲವೇ? ಇವರಿಗೇನು ಧಾಡಿ?’ ಅವರ ಛಲದ ಬಗ್ಗೆ ನನಗೆ ಎಳ್ಳಷ್ಟೂ ಅಗೌರವವಿಲ್ಲ. ಆದರೆ ಸ್ವಾಮಿ, ಅಂಗಿ ಸಿಗದೆ ಹೋಗದೇ ಉಳಿದವರು ಈಗ ನಿಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಮಾತಾಡಲು ಬರುವುದಿಲ್ಲ. ಗೆದ್ದು ಬಂದವರ ಕತೆಯನ್ನಷ್ಟೇ ಕೇಳಿ ಆ ಅಡ್ಡಗೋಡೆ ಒಳ್ಳೆಯದಿತ್ತು ಎಂದರೆ ಹೇಗೆ? ಇನ್ನು ಕೆಲವರು ವಿಶ್ವೇಶ್ವರಯ್ಯನವರ ಸೂಟನ್ನು ತೋರಿಸುತ್ತಾರೆ. ಅವರು ಸೂಟಿನ ಮೇಲೆ ಮೈಸೂರು ಪೇಟ ಇಟ್ಟವರು. ಇವತ್ತು ಪೇಟ ಇಟ್ಟುಕೊಂಡು ಕ್ಯಾಂಪಸ್ ಇಂಟರ್‌ವ್ಯೂಗೆ ಹೋಗಿ ನೋಡಿ.

ದೆಹಲಿಯ ಓದುಗರಿಗೆ ಧೋಲ್‌ಪುರ್ ಹೌಸ್ ಗೊತ್ತೇ ಇದೆ. ಸಿವಿಲ್ ಸರ್ವೀಸಸ್ ಪರೀಕ್ಷೆಯ ಒಟ್ಟು 2025 ಅಂಕಗಳಲ್ಲಿ 275 ಅಲ್ಲಿನ ಸಂದರ್ಶನಕ್ಕೆ. ಅಲ್ಲಿ ಕನ್ನಡದಲ್ಲೇ ಉತ್ತರ ಕೊಡಬಹುದು. ನಿಯಮ ಬರವಣಿಗೆಯಲ್ಲಿದೆ, ಆದ್ದರಿಂದ ಹಳ್ಳಿಯ ಹುಡುಗಿಯೂ ಧೈರ್ಯವಾಗಿ ಕೇಳುತ್ತಾಳೆ. ಬಟ್ಟೆಯ ವಿಷಯ ಹಾಗಲ್ಲ. ಟೈ ಯಾವ ಬಣ್ಣದ್ದಿರಬೇಕು, ಸೀರೆಯ ಅಂಚು ಎಷ್ಟು ಅಗಲ ಇರಬೇಕು ಎಂಬುದನ್ನೆಲ್ಲ ಕೋಚಿಂಗಿನವರು ಅಣಕು ಸಂದರ್ಶನದಲ್ಲಿ ಹೇಳಿಕೊಡುತ್ತಾರೆ. ಬರೆಯದ ನಿಯಮವನ್ನು ಯಾರು ಬೇಕಾದರೂ ದುಡ್ಡಿಗೆ ಮಾರಬಹುದು.

ಈ ಪತ್ರ ಓದುವವರಲ್ಲಿ ಮೇಜಿನ ಹಿಂದೆ ಕೂರುವವರು ಬಹಳ ಜನ ಇದ್ದೀರಿ. ಕರೆಪತ್ರದಲ್ಲಿ ಅಂಕಪಟ್ಟಿ, ಆಧಾರ್, ಎರಡು ಫೋಟೊ ತನ್ನಿ ಎಂದು ಬರೆಯುತ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ಶುಭ್ರವಾದ, ನಿಮಗೆ ರೂಢಿಯಿರುವ ಬಟ್ಟೆಯಲ್ಲಿ ಬನ್ನಿ. ಕೋಟು, ಟೈ ಬೇಡ.’ ‘ಕಡ್ಡಾಯವಲ್ಲ’ ಎಂದು ಮಾತ್ರ ಬರೆಯಬೇಡಿ. ಕೆಲಸ ಬೇಕಾದವನ ಕಿವಿಗೆ ಅದು ಕಡ್ಡಾಯ ಎಂದೇ ಕೇಳಿಸುತ್ತದೆ. ಅಂಕದ ಹಾಳೆಯಲ್ಲಿ ಉಡುಪಿಗೆ ಕಾಲಮ್ಮಿದ್ದರೆ ಹೊಡೆದುಹಾಕಿ. ಇಲ್ಲ, ನಮ್ಮದು ದೊಡ್ಡ ಹೋಟೆಲಿನ ಸ್ವಾಗತದ ಕೆಲಸ, ಕೋಟಿನಲ್ಲಿ ಹೇಗೆ ಕಾಣುತ್ತಾರೆ ಎಂದು ನೋಡಲೇಬೇಕು ಎನ್ನುವಿರಾದರೆ ನಾಲ್ಕು ಅಳತೆಯ ಕೋಟುಗಳನ್ನು ಹೊಲಿಸಿ ಅಲ್ಲೇ ನೇತುಹಾಕಿ. ದೂರದಿಂದ ಬಂದ ಅಭ್ಯರ್ಥಿಗೆ ರೈಲಿನ ಛಾರ್ಜು ಕೊಡುವ ಸಾರ್ವಜನಿಕ ಉದ್ಯಮಗಳು ನಮ್ಮಲ್ಲಿವೆ. ಅದೇ ಬಿಲ್ಲಿನಲ್ಲಿ ಕೋಟಿನ ಬಾಡಿಗೆಗೂ ಒಂದು ಸಾಲು ಇರಲಿ.