ನಮ್ಮೂರಿನ ನವಿಲುಗಳು

ಮೊನ್ನೆ ಮಗನ ಕಪಾಟು ಜೋಡಿಸುವಾಗ ಹಳೇ ನೀಲಿ ಟೀ ಶರ್ಟೊಂದು ಸಿಕ್ಕಿತು. ಎದೆ ಮೇಲೆ ನವಿಲಿನ ಚಿತ್ರ. "ನಿಂಗೆ ಚಿಕ್ಕದಾಗಿದೆ ಕಣೋ, ಯಾರಿಗಾದ್ರೂ ಕೊಟ್ಬಿಡ್ಲಾ?" ಅಂದೆ. "ಬೇಡಮ್ಮಾ, ಇರ್ಲಿ" ಅಂತ ಕೈಯಿಂದ ಕಿತ್ಕೊಂಡು ಹೋದ.

ನಾವಿರೋದು ಅಮೆರಿಕದ ಜರ್ಸಿ ಸಿಟಿಯಲ್ಲಿ. ಇಲ್ಲಿ ಸೇಂಟ್ ಪೀಟರ್ಸ್ ಅನ್ನೋ ಚಿಕ್ಕ ವಿಶ್ವವಿದ್ಯಾಲಯವಿದೆ. ಅದರ ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು ಪೀಕಾಕ್ಸ್, ಅಂದ್ರೆ ನವಿಲುಗಳು. 2022ರ ಮಾರ್ಚ್‌ನಲ್ಲಿ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯಲ್ಲಿ 15ನೇ ಶ್ರೇಯಾಂಕದ ಈ ಹುಡುಗರು ದೈತ್ಯ ಕೆಂಟಕಿಯನ್ನೇ ಸೋಲಿಸಿಬಿಟ್ಟರು! ಆಮೇಲೆ ಮರ್ರೆ ಸ್ಟೇಟ್, ಪರ್ಡ್ಯೂ ತಂಡಗಳನ್ನೂ ಸೋಲಿಸಿ ಕೊನೆಯ ಎಂಟರ ಘಟ್ಟ ಮುಟ್ಟಿದರು. ಆ ಶ್ರೇಯಾಂಕದವರು ಅಲ್ಲಿತನಕ ಬಂದದ್ದು ಅದೇ ಮೊದಲು. ಆಟದ ನಿಯಮವೇ ಗೊತ್ತಿಲ್ಲದ ನಾನೂ ಒಗ್ಗರಣೆ ಸೀದುಹೋದದ್ದು ತಿಳಿಯದೆ ಟೀವಿ ಮುಂದೆ ನಿಂತಿದ್ದೆ.

ಅಲ್ಲಿ ನಾರ್ತ್ ಕ್ಯಾರೊಲಿನಾ ಎದುರು ಸೋತರು. ಸ್ವಲ್ಪ ದಿನಕ್ಕೇ ಕೋಚ್ ಶಹೀನ್ ಹಾಲೊವೇ, ತಾವು ಓದಿ ಆಡಿದ್ದ ಸೀಟನ್ ಹಾಲ್‌ಗೆ ಹೋದರು. ಹಿಂದೆಯೇ ಒಬ್ಬೊಬ್ಬರಾಗಿ ಆಟಗಾರರೂ ಹೊರಟರು. ಮಗನಿಗೆ ಇಷ್ಟವಾಗಿದ್ದ ಮೀಸೆಯ ಹುಡುಗ ಡಗ್ ಎಡರ್ಟ್ ಕೂಡ ಬ್ರಯಂಟ್ ವಿಶ್ವವಿದ್ಯಾಲಯಕ್ಕೆ ಹೋದ. ಐದನೇ ಕ್ಲಾಸಿನ ನನ್ನ ಮಗ ಅವತ್ತು ಊಟ ಬಿಟ್ಟಿದ್ದ.

ಮೊದಲು ಹೀಗಿರಲಿಲ್ಲವಂತೆ. ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಒಂದು ಸಲ ಆ ಶಿಕ್ಷೆಯಿಲ್ಲದೆ ಹೋಗಬಹುದು ಅಂತಾಯಿತು. 2024ರಿಂದ ಓದಿನಲ್ಲಿ ಹಿಂದೆ ಬೀಳದಿದ್ದರೆ ಎಷ್ಟು ಸಲ ಬೇಕಾದರೂ ಸರಿ. 2021ರ ಜುಲೈನಿಂದಲೇ ಆಟಗಾರರು ತಮ್ಮ ಹೆಸರು, ಮುಖ ತೋರಿಸಿ ಜಾಹೀರಾತಿನಲ್ಲಿ ದುಡಿಯಬಹುದು. 2025ರ ಜುಲೈನಿಂದ, ಕೋರ್ಟಿನಲ್ಲಾದ ಒಪ್ಪಂದದಂತೆ, ಕಾಲೇಜೇ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದೊಂದು ಕಾಲೇಜಿಗೆ, ಎಲ್ಲ ಆಟಗಳಿಗೂ ಸೇರಿ, ಸುಮಾರು 2 ಕೋಟಿ 5 ಲಕ್ಷ ಡಾಲರ್. ಅಷ್ಟು ದುಡ್ಡು ನಮ್ಮ ನವಿಲುಗಳ ಹತ್ತಿರ ಎಲ್ಲಿಂದ ಬರಬೇಕು?

2025ರಲ್ಲಿ ಗೆದ್ದ ಫ್ಲಾರಿಡಾ ತಂಡದ ತಾರೆ ವಾಲ್ಟರ್ ಕ್ಲೇಟನ್ ಮೊದಲು ಆಡುತ್ತಿದ್ದದ್ದು ಸೇಂಟ್ ಪೀಟರ್ಸ್ ಇರುವ ಲೀಗಿನದೇ ಅಯೋನಾದಲ್ಲಿ. ಆ ವರ್ಷ ಕೊನೆಯ ಹದಿನಾರರಲ್ಲಿ ಉಳಿದವರೆಲ್ಲ ನಾಲ್ಕು ದೊಡ್ಡ ಲೀಗುಗಳವರೇ. ಸಸಿ ಬೆಳೆಸೋದು ಒಬ್ಬರು, ಫಸಲು ಕೊಯ್ಯೋದು ಇನ್ನೊಬ್ಬರು.

ಹಾಗಂತ ಹುಡುಗರನ್ನು ಬೈಯೋಕೆ ನನಗೆ ಬಾಯಿ ಬರೋದಿಲ್ಲ. ಟೀವಿಯವರು, ಕಾಲೇಜಿನವರು, ಕೋಚುಗಳು ಎಲ್ಲ ಇವರ ಆಟದಿಂದಲೇ ದುಡ್ಡು ಮಾಡಿದರು. ಕೋಚು ಹೊರಟಾಗ 'ಬಡ್ತಿ', ಹುಡುಗ ಹೊರಟಾಗ 'ನಿಷ್ಠೆಯಿಲ್ಲ' ಅಂದರೆ ಹೇಗೆ? ನಮ್ಮನೆಯವರೇ ಇಲ್ಲಿಗೆ ಬಂದ ಮೇಲೆ ಮೂರು ಕಂಪನಿ ಬದಲಿಸಿದ್ದಾರೆ. ಪ್ರತಿ ಸಲವೂ ನಾನು ಪಾಯಸ ಮಾಡಿದ್ದೇನೆ! (ಹೊರದೇಶದ ಹುಡುಗರಿಗೆ ಈ ಭಾಗ್ಯವೂ ಸುಲಭವಲ್ಲ. ಪರ್ಡ್ಯೂದ ಏಳಡಿ ನಾಲ್ಕಿಂಚಿನ ಝಾಕ್ ಈಡಿ ಕೆನಡಾದವನು. ವಿದ್ಯಾರ್ಥಿ ವೀಸಾದ ಕಟ್ಟುಪಾಡಿನಿಂದ ಜೊತೆಯವರಂತೆ ದುಡಿಯಲಾಗಲಿಲ್ಲ. ಆ ವೀಸಾದ ಪಾಡು ನಮ್ಮ ಮಕ್ಕಳಿಗೆ ಗೊತ್ತಿದ್ದದ್ದೇ.)

ನನಗಿರುವ ಸಂಕಟ ಡಿಗ್ರಿಯದು. ಕಾಲೇಜು ಬದಲಿಸಿದಾಗ ಪಾಸಾದ ವಿಷಯಗಳೆಲ್ಲ ಹೊಸ ಕಡೆ ಲೆಕ್ಕಕ್ಕೆ ಬರುತ್ತವೆ ಅಂತೇನಿಲ್ಲ. ಮುಂದೆ ವೃತ್ತಿಪರರಾಗುವವರು ಬೆರಳೆಣಿಕೆ. ಮಿಕ್ಕವರಿಗೆ ಇಪ್ಪತ್ಮೂರನೇ ವಯಸ್ಸಿಗೆ ದುಡ್ಡೂ ಖರ್ಚಾಗಿ, ಡಿಗ್ರಿಯೂ ಅರ್ಧಕ್ಕೆ ನಿಂತರೆ? ಇದನ್ನು ಹೇಳಿದ್ದಕ್ಕೆ ಮಗ, "ಅಮ್ಮಾ, ನೀನು ಎಲ್ಲದಕ್ಕೂ ಡಿಗ್ರಿ ಅಂತೀಯ" ಅಂದ. ಅನ್ನಲಿ ಬಿಡಿ.

ಶನಿವಾರ ಪಂದ್ಯಕ್ಕೆ ಹೋಗೋಣ ಅಂತ ಟಿಕೆಟ್ ತೆಗೆದಿದ್ದಾನೆ. ರಾತ್ರಿಯಿಡೀ ಫೋನು ಹಿಡಿದು ಆಟಗಾರರ ಹೆಸರು ಬಾಯಿಪಾಠ ಮಾಡ್ತಿದ್ದ. "ಹೋದ ವರ್ಷದ್ದೇ ನೆನಪಿಲ್ವೇನೋ?" ಅಂದೆ. "ಅವರಲ್ಲಿ ತುಂಬ ಜನ ಈಗಿಲ್ವಲ್ಲಮ್ಮಾ" ಅಂದ.