ಮಕ್ಕಳಿಗೆ ಕಡಲಲ್ಲ, ಕಡಲ ಹಿಂದಿನ ಹೊಳೆ

ಉಡುಪಿಯಲ್ಲಿ ಮಕ್ಕಳಿಗೆ ಹುಟ್ಟು ಹಾಕಲು ಕಲಿಸಬೇಕೆಂದರೆ ಮಲ್ಪೆಯ ಕಡಲಿಗಿಂತ ಅದರ ಬೆನ್ನಿಗೇ ಹರಿಯುವ ಹೊಳೆಗಳೇ ಮೇಲು. ಘಟ್ಟದ ಕಡೆಯಿಂದ ಬರುವ ಸೀತಾ ಮತ್ತು ಸುವರ್ಣಾ ನದಿಗಳು ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಒಟ್ಟಾಗಿ ಸಮುದ್ರ ಸೇರುತ್ತವೆ. ಅದಕ್ಕೂ ಮೊದಲಿನ ಕೆಲವು ಕಿಲೋಮೀಟರ್‌ ಉದ್ದಕ್ಕೂ ಹೊಳೆ ಅಗಲ, ಹರಿವು ನಿಧಾನ. ಕಡಲಿಗೂ ಹೊಳೆಗೂ ನಡುವಿನ ಮರಳ ಪಟ್ಟಿ ಅಲೆಯನ್ನು ಒಳಗೆ ಬಿಡುವುದಿಲ್ಲ.

ಸೀತಾ ನದಿಯ ದಡದಲ್ಲಿ, ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಕಯಾಕಿಂಗ್ ಈಗಾಗಲೇ ಹೆಸರು ಮಾಡಿದೆ. ಇಲ್ಲಿನ ಆಕರ್ಷಣೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ದೋಣಿ ಹಸಿರು ಗೋಡೆಗಳ ನಡುವಿನ ಕಿರುಗಾಲುವೆಗೆ ನುಗ್ಗಿದರೆ, ಬಿಲ್ಲಿನಂತೆ ಬಾಗಿ ಕೆಸರಿಗೆ ಊರಿದ ಬೇರುಗಳು ಕೈಗೆಟಕುವಷ್ಟು ಹತ್ತಿರ. ಇಳಿತದ ಹೊತ್ತಿನಲ್ಲಿ ಬೇರಿಗಂಟಿದ ಚಿಪ್ಪುಗಳು, ಕೆಸರಿನ ಮೇಲೆ ಓಡಾಡುವ ಏಡಿಗಳು ಬಯಲಾಗುತ್ತವೆ. ಆ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ; ಮಕ್ಕಳು ಬರಿಗಾಲಲ್ಲಿ ಇಳಿಯುವಂತಿಲ್ಲ. ಕೆಮ್ಮಣ್ಣಿನ ಬಳಿ ಸುವರ್ಣಾ ನದಿಯಲ್ಲಿ ತಿಮ್ಮಣ್ಣ ಕುದ್ರು ಎಂಬ ನಡುಗಡ್ಡೆ ಇದೆ. ತೂಗುಸೇತುವೆ ದಾಟಿ ಕುದ್ರುವಿಗೆ ನಡೆದು ಹೋಗಬಹುದಾದ್ದರಿಂದ ದೋಣಿ ಹತ್ತಲು ಒಲ್ಲದ ಅಜ್ಜ ಅಜ್ಜಿಯರಿಗೂ ಅಲ್ಲಿ ಹೊತ್ತು ಹೋಗುತ್ತದೆ. ಮಂಗಳೂರಿನವರಿಗೆ ಸಸಿಹಿತ್ಲು ಹತ್ತಿರ. ಶಾಂಭವಿ, ನಂದಿನಿ ನದಿಗಳು ಅಲ್ಲಿ ಕೂಡಿ ಕಡಲಿಗಿಳಿಯುತ್ತವೆ. ಸರ್ಫಿಂಗ್‌ನವರಿಗೆ ಪ್ರಿಯವಾದ ಅಲ್ಲಿನ ಅಲೆ ಎಳೆಯ ಮಕ್ಕಳಿಗಲ್ಲ. ಅವರೇನಿದ್ದರೂ ಹೊಳೆಯ ಒಳಭಾಗದಲ್ಲಿರಬೇಕು.

ಈ ನೀರಿನ ಗುಣ ಗಂಟೆಗಂಟೆಗೂ ಬದಲಾಗುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡೂವರೆ ಗಂಟೆ. ಆದ್ದರಿಂದ ಅದರ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಉಬ್ಬರದಲ್ಲಿ ನಿಂತ ಕೆರೆಯಂತಿದ್ದ ಹೊಳೆ, ಇಳಿತ ಶುರುವಾದೊಡನೆ ಅಳಿವೆಯತ್ತ ಎಳೆಯತೊಡಗುತ್ತದೆ. ಅಳಿವೆ ಕಿರಿದಾದಷ್ಟೂ ಸೆಳೆತ ಜೋರು. ಮಕ್ಕಳಿರುವ ದೋಣಿ ಉಬ್ಬರ ತುಂಬುವ ಹೊತ್ತಿಗೆ ಹೊರಟು, ಅಳಿವೆಗೆ ಬೆನ್ನು ಹಾಕಿ ಒಳನಾಡಿನತ್ತ ಸಾಗಿ, ಇಳಿತ ಬಲವಾಗುವ ಮೊದಲೇ ದಡ ಸೇರಬೇಕು. ಮೀನುಗಾರರ ಮನೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಘಟ್ಟದ ಮೇಲಿನಿಂದ ಕಾರಿನಲ್ಲಿ ಬಂದಿಳಿಯುವ ಕುಟುಂಬಕ್ಕೆ ಇದು ತಿಳಿಯುವುದು ಹೇಗೆ? ದೋಣಿ ಬಾಡಿಗೆಗೆ ಕೊಡುವ ಪ್ರತಿ ಕಟ್ಟೆಯಲ್ಲೂ ಆ ದಿನದ ಉಬ್ಬರ, ಇಳಿತದ ವೇಳೆ ಬರೆದ ಹಲಗೆ ಕಡ್ಡಾಯವಾಗಬೇಕು. ಸೀಮೆಸುಣ್ಣದಲ್ಲಿ ಬರೆದರೂ ಸಾಕು.

ಗಾಳಿಗೂ ಹೊತ್ತುಗೊತ್ತಿದೆ. ಬೇಸಗೆಯಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ತೆಳುಗಾಳಿ. ಬಿಸಿಲೇರಿ ನೆಲ ಕಾದಂತೆ ಕಡಲ ಗಾಳಿ ಎದ್ದು ಮಧ್ಯಾಹ್ನದ ಹೊತ್ತಿಗೆ ಬಿರುಸಾಗುತ್ತದೆ. ಹುಟ್ಟು ಹಾಕುವ ಚಿಕ್ಕ ಕೈಗಳಿಗೆ ಬೆಳಿಗ್ಗೆ ಒಂಬತ್ತರೊಳಗಿನ ನೀರೇ ಸರಿ. ಲೈಫ್ ಜಾಕೆಟ್ ಮಗುವಿನ ಅಳತೆಯದೇ ಇರಬೇಕು. ದೊಡ್ಡವರದ್ದನ್ನು ತೊಡಿಸಿದರೆ ಮಗು ನೀರಿಗೆ ಬಿದ್ದಾಗ ಅದು ಕತ್ತಿನಿಂದ ಮೇಲಕ್ಕೆ ಜಾರುತ್ತದೆ. ಭುಜದ ಪಟ್ಟಿ ಹಿಡಿದು ಎತ್ತಿ ನೋಡಿದರೆ ಅಳತೆ ಗೊತ್ತಾಗಿಬಿಡುತ್ತದೆ.

ಹುಟ್ಟು ಹಾಕುವವರಿಗೆ ಬೇಡವಾದ ಅದೇ ಮಧ್ಯಾಹ್ನದ ಗಾಳಿ ಹಾಯಿದೋಣಿಗೆ ಬೇಕು. ಮಕ್ಕಳು ಹಾಯಿ ಕಲಿಯಲೆಂದೇ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿಯಿದೆ. ಸುಮಾರು 2.3 ಮೀಟರ್ ಉದ್ದ, ಒಂದೇ ಹಾಯಿ, ನಡೆಸಲು ಒಂದೇ ಮಗು. 1947ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಇದನ್ನು ಇಂದು ಜಗತ್ತಿನಾದ್ಯಂತ ಹದಿನೈದರೊಳಗಿನವರು ಓಡಿಸುತ್ತಾರೆ. ರಾಜ್ಯದಲ್ಲಿ ಹಾಯಿಯಾಟ ಎಂದರೆ ಸೇನೆಯವರು ಅಭ್ಯಾಸ ಮಾಡುವ ಬೆಂಗಳೂರಿನ ಹಲಸೂರು ಕೆರೆ ನೆನಪಾಗುತ್ತದೆಯೇ ಹೊರತು ಕರಾವಳಿಯಲ್ಲ. ಆದರೆ ಹಾಯಿ ಕಟ್ಟಿ ವ್ಯಾಪಾರಕ್ಕೆ ಹೋಗುತ್ತಿದ್ದವರ ಊರುಗಳು ಈ ಕರಾವಳಿಯವೇ. ಅಳಿವೆಯಿಂದ ದೂರ, ಹೊಳೆ ಅಗಲವಾಗಿರುವ ಕಡೆ ನಾಲ್ಕಾರು ಇಂಥ ದೋಣಿಗಳು, ಜೊತೆಗೊಂದು ರಕ್ಷಣಾ ದೋಣಿ, ಬಲ್ಲ ಶಿಕ್ಷಕರಿದ್ದರೆ ಇಲ್ಲಿಯೂ ತರಬೇತಿ ಶುರುವಾಗಬಹುದು. ಅದಕ್ಕೂ ಕಯಾಕಿಂಗಿಗೂ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ತಿಂಗಳುಗಳು ಅನುಕೂಲ. ಜೂನ್ ಮಳೆಗೆ ಹೊಳೆ ಕೆಂಪಾಗಿ ತುಂಬಿ ಹರಿಯತೊಡಗಿದ ಮೇಲೆ, ಯಾಂತ್ರಿಕ ಮೀನುಗಾರಿಕೆಗೇ ಎರಡು ತಿಂಗಳ ರಜೆಯಿರುವಾಗ, ಮಕ್ಕಳ ದೋಣಿಗಳೂ ದಡದಲ್ಲೇ ಇರಬೇಕು.