ಎರಡನೆಯ ಬೀಗದಕೈ

ಬೀಗವೊಂದಾದರೂ ಕೈಗಳೆರಡಿರಬೇಕೆಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ವಿವೇಕ. ಒಂದು ಗೃಹಿಣಿಯ ಸೆರಗಿನ ತುದಿಯಲ್ಲಿ. ಇನ್ನೊಂದು ಅಕ್ಕಿಯ ಡಬ್ಬಿಯ ತಳದಲ್ಲಿಯೋ, ದೇವರ ಗೂಡಿನ ಹಿಂದೆಯೋ. ಎರಡೂ ಕಳೆದುಹೋದರೆ ಬೀಗ ಒಡೆಯುವವನನ್ನು ಕರೆದರಾಯಿತು; ನಾಲ್ಕು ಏಟಿಗೆ ಬಾಗಿಲು ತೆರೆಯುತ್ತಿತ್ತು.

ಈಗ ಜೇಬಿನಲ್ಲಿರುವ ಫೋನಿನೊಳಗೂ ಬೀಗದಕೈಗಳು ಬಂದು ಕುಳಿತಿವೆ. ಅವು ಕಬ್ಬಿಣದವಲ್ಲ, ಬರಿಯ ಸಂಖ್ಯೆಗಳು. ಆದರೆ ಎಂತಹ ಸಂಖ್ಯೆಗಳು! ಬಿಟ್‌ಕಾಯಿನ್ ಎಂಬ ನಾಣ್ಯವನ್ನು ಕಾಯುವ ಗುಪ್ತ ಕೀಲಿಯನ್ನು ನಾವು ಬಳಸುವ ಅಂಕಿಗಳಲ್ಲಿ ಬರೆದರೆ ಸುಮಾರು 77 ಸ್ಥಾನಗಳಾಗುತ್ತವೆ. ಅದನ್ನು ಊಹಿಸಿ ತೆರೆಯುವುದು ಕಳ್ಳನಿಗೆ ಸಾಧ್ಯವಿಲ್ಲ. ಕಳೆದುಕೊಂಡ ಯಜಮಾನನಿಗೂ ಸಾಧ್ಯವಿಲ್ಲ. ತೊಡಕಿರುವುದು ಇಲ್ಲಿಯೇ. ಬ್ಯಾಂಕಿನ ಗುಪ್ತಪದ ಮರೆತರೆ ಗುರುತಿನ ಚೀಟಿ ತೋರಿಸಿ ಹೊಸದನ್ನು ಪಡೆಯಬಹುದು. ಈ ಕೀಲಿಗಾದರೋ ಕಚೇರಿಯಿಲ್ಲ, ಗುಮಾಸ್ತನಿಲ್ಲ, ಅರ್ಜಿಯೂ ಇಲ್ಲ.

ವೇಲ್ಸ್ ನಾಡಿನ ನ್ಯೂಪೋರ್ಟ್ ನಗರದ ಜೇಮ್ಸ್ ಹೊವೆಲ್ಸ್ ಎಂಬವರ ಕಥೆ ಲೋಕಪ್ರಸಿದ್ಧ. 2013ರಲ್ಲಿ ಅವರ ಹಳೆಯ ಹಾರ್ಡ್ ಡಿಸ್ಕೊಂದು ಕಸದೊಡನೆ ನಗರದ ತಿಪ್ಪೆಯನ್ನು ಸೇರಿತು. ಅದರಲ್ಲಿದ್ದುದು ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ. ನಾಣ್ಯಗಳು ಎಲ್ಲಿಗೂ ಹೋಗಿಲ್ಲ. ಎಲ್ಲರೂ ನೋಡಬಹುದಾದ ಲೆಕ್ಕದ ಪುಸ್ತಕದಲ್ಲಿಯೇ ಉಳಿದಿವೆ. ಹೋದುದು ಕೀಲಿ ಮಾತ್ರ. ತಿಪ್ಪೆಯನ್ನು ಅಗೆಯಲು ನಗರಸಭೆ ಒಪ್ಪಲಿಲ್ಲ; 2025ರ ಜನವರಿಯಲ್ಲಿ ನ್ಯಾಯಾಲಯವೂ ಅವರ ದಾವೆಯನ್ನು ತಳ್ಳಿಹಾಕಿತು.

ಕೋಟ್ಯಧೀಶರ ಗೋಳು ನಮಗೇಕೆ ಎನ್ನಬೇಡಿ. ವಾಟ್ಸಾಪ್ ಸಂದೇಶಗಳ ಪ್ರತಿಯನ್ನು ಗೂಢಲಿಪಿಯಲ್ಲಿ ಕಾಪಾಡುವ ಅನುಕೂಲ 2021ರಲ್ಲಿ ಬಂದಿತು. ಬೇಕೆಂದವರು ಅದಕ್ಕೆ ಗುಪ್ತಪದವನ್ನೋ 64 ಸ್ಥಾನಗಳ ಕೀಲಿಯನ್ನೋ ಇಟ್ಟುಕೊಳ್ಳಬಹುದು. ಫೋನು ಕಳೆದು, ಕೀಲಿಯೂ ಕಳೆದರೆ ಆ ಪ್ರತಿಯನ್ನು ಸಂಸ್ಥೆಯವರೂ ತೆರೆದುಕೊಡಲಾರರು. ತೀರಿಕೊಂಡ ತಂದೆಯ ದನಿ, ಮೊಮ್ಮಗುವಿನ ಮೊದಲ ತೊದಲು ಅದರಲ್ಲಿದ್ದರೆ, ಆ ನಷ್ಟಕ್ಕೆ ಬೆಲೆ ಕಟ್ಟುವವರಾರು?

ಇದಕ್ಕೆ ಉಪಾಯವಿಲ್ಲದಿಲ್ಲ, ಅದು ಹಳೆಯ ಉಪಾಯವೇ. ಬಿಟ್‌ಕಾಯಿನ್ ಕೀಲಿಗಳಿಗೆ 2,048 ಪದಗಳ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳ ಸರಣಿಯೊಂದನ್ನು ಕೊಡುವ ಪದ್ಧತಿಯುಂಟು. ಯಂತ್ರ ಹಾಳಾದರೂ ಅವೇ ಪದಗಳನ್ನು ಅದೇ ಕ್ರಮದಲ್ಲಿ ಹೊಸ ಯಂತ್ರಕ್ಕೆ ಒದಗಿಸಿದರೆ ಕೀಲಿ ಮರಳಿ ದೊರೆಯುತ್ತದೆ. ಆ ಪದಗಳನ್ನು ಕಾಗದದ ಮೇಲೆ ಶಾಯಿಯಿಂದ ಬರೆಯಿರಿ. ಫೋನಿನಲ್ಲಿ ಅದರ ಚಿತ್ರ ತೆಗೆಯಬೇಡಿ. ಫೋನಿನ ಚಿತ್ರಗಳು ನಮಗರಿವಿಲ್ಲದೆಯೇ ದೂರದ ಉಗ್ರಾಣಗಳಿಗೆ ಪ್ರಯಾಣ ಮಾಡುತ್ತವೆ. ಎರಡು ಪ್ರತಿ ಮಾಡಿ, ಎರಡು ಕಟ್ಟಡಗಳಲ್ಲಿಡಿ. ಒಂದೇ ಮನೆಯ ಬೆಂಕಿಗೆ ಎರಡೂ ಆಹುತಿಯಾಗಬಾರದು. ದೂರವಾಣಿಯಲ್ಲಿ ಯಾರಾದರೂ ಆ ಪದಗಳನ್ನು ಕೇಳಿದರೆ ಅವರನ್ನು ಕಳ್ಳರೆಂದೇ ತಿಳಿಯಿರಿ. ಹಣವಿಡುವ ಮುನ್ನವೇ ಪದಗಳಿಂದ ಕೀಲಿ ಮರಳಿ ಬರುವುದೇ ಎಂದು ಒಮ್ಮೆ ಪರೀಕ್ಷಿಸಿ. ತಿರುಗಿಸಿ ನೋಡದ ಕೈಯನ್ನು ನಂಬುವುದು ಹೇಗೆ?

ಕೊನೆಯದಾಗಿ ಒಂದು ಮಾತು. ಕೆಲವು ಮನೆಗಳಲ್ಲಿ ಯಜಮಾನರ ಗುಟ್ಟು ಅವರೊಡನೆಯೇ ಹೊರಟುಹೋಗುತ್ತದೆ. ಆ ಪದಗಳನ್ನು ಮನೆಯವರಿಗೆಲ್ಲ ಓದಿ ಹೇಳಬೇಕಾಗಿಲ್ಲ. ಆದರೆ ಅಂತಹ ಕಾಗದವೊಂದಿದೆ, ಇಂತಹ ಕಡೆ ಇದೆ ಎಂಬುದು ನಂಬಿಕೆಯ ಒಬ್ಬರಿಗಾದರೂ ತಿಳಿದಿರಲಿ. ನಮ್ಮ ಅಜ್ಜಿ ಎರಡನೆಯ ಕೈಯನ್ನು ಎಲ್ಲಿಟ್ಟಿದ್ದಳೆಂಬುದು ಸೊಸೆಗೂ ಗೊತ್ತಿತ್ತು. ಅದರಿಂದ ಮನೆಯ ಭದ್ರತೆಗೆ ಕಿಂಚಿತ್ತೂ ಕುಂದು ಬರಲಿಲ್ಲ.